ಸಮುದ್ರ ನುಂಗಿದ ಕಾರ್ಬನ್ ಎಲ್ಲಿ ಹೋಗುತ್ತದೆ?

ಮುಧೋಳ, ಲೋಕಾಪುರದ ಸುತ್ತಮುತ್ತ ನೆಲ ಅಗೆದರೆ ಬೂದು ಬಣ್ಣದ ಸುಣ್ಣದ ಕಲ್ಲು ಸಿಗುತ್ತದೆ. ಬಾಗಲಕೋಟೆ ಜಿಲ್ಲೆಗೆ ಸಿಮೆಂಟ್ ಕಾರ್ಖಾನೆಗಳು ಬಂದಿದ್ದೇ ಈ ಕಲ್ಲಿಗಾಗಿ. ಬಾದಾಮಿಯ ಕೆಂಪು ಕಲ್ಲು ಮರಳಿನಿಂದ ಆದದ್ದು. ಇದು ಹಾಗಲ್ಲ, ಇದು ಒಂದು ಕಾಲದ ಸಮುದ್ರದ ತಳ. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ಆ ನೀರಿನಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಕ್ಯಾಲ್ಸಿಯಂ ಜೊತೆ ಸೇರಿ ತಳಕ್ಕೆ ಕೂತು, ಗಟ್ಟಿಯಾಗಿ, ಕಲ್ಲಾಯಿತು. ಕಲ್ಲಿನ ಕೆಲವು ಪದರಗಳಲ್ಲಿ ಉಬ್ಬು ಉಬ್ಬಾದ ಗೆರೆಗಳಿವೆ. ಅವಕ್ಕೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಆ ಸಮುದ್ರದ ತಳದಲ್ಲಿ ಹಾಸಿಕೊಂಡಿದ್ದ ಸೂಕ್ಷ್ಮಜೀವಿಗಳು ಬಿಟ್ಟುಹೋದ ಗುರುತು ಅದು.

ಈಗ ಆ ಕಲ್ಲನ್ನು ಭಟ್ಟಿಗೆ ಹಾಕುತ್ತೇವೆ. 100 ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಕಾವಿನಲ್ಲಿ ಪೂರ್ತಿ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಸಿಗುತ್ತದೆ. ಮಿಕ್ಕ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಇದು ಕಲ್ಲಿನೊಳಗಿಂದಲೇ ಬಂದ ಗ್ಯಾಸ್. ಭಟ್ಟಿ ಕಾಯಿಸಲು ಉರಿಸಿದ ಕಲ್ಲಿದ್ದಲಿನ ಲೆಕ್ಕ ಬೇರೆ. ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ತೆಗೆದರೆ ಹೆಚ್ಚುಕಡಿಮೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಟ್ರ್ಯಾಕ್ಟರ್, ಲಾರಿ, ಬಸ್ಸು, ಎಲ್ಲದರದ್ದೂ ಇದರ ಮೇಲೆ. ಇಡೀ ಜಗತ್ತಿನದು ಕೂಡಿಸಿದರೆ ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಮತ್ತು ಸಿಮೆಂಟಿನಿಂದ ವರ್ಷಕ್ಕೆ ಸುಮಾರು 3,700 ಕೋಟಿ ಟನ್. ಕಾಡು ಕಡಿದದ್ದು ಸೇರಿಸಿದರೆ 4,000 ಕೋಟಿ ಟನ್ ದಾಟುತ್ತದೆ.

ಆದರೆ ಬಿಟ್ಟದ್ದೆಲ್ಲ ಗಾಳಿಯಲ್ಲೇ ಉಳಿಯುವುದಿಲ್ಲ. ಜಗತ್ತಿನ ಸರಾಸರಿ ಪಾಲನ್ನು ಆ 44 ಕಿಲೋಗೆ ಹಚ್ಚಿ ನೋಡಿ. ಸುಮಾರು 20 ಕಿಲೋ ಗಾಳಿಯಲ್ಲಿ ಉಳಿಯುತ್ತದೆ. ಸುಮಾರು 13 ಕಿಲೋ ಗಿಡ, ಮರ, ಮಣ್ಣಿಗೆ ಹೋಗುತ್ತದೆ. ಸುಮಾರು 11 ಕಿಲೋ, ಅಂದರೆ ಕಾಲು ಭಾಗ, ಸಮುದ್ರಕ್ಕೆ.

ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ಹತ್ತನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಸರ್, ಸಮುದ್ರ ಅಷ್ಟ ದೊಡ್ಡದೈತಿ ಅಂತೀರಿ. ಮತ್ತ ಎಲ್ಲಾ ಅದ ಯಾಕ ಕುಡಿಯಂಗಿಲ್ರಿ? ಬರೇ ಕಾಲು ಭಾಗ ಯಾಕ?"

ಇಡೀ ವಿಷಯದ ಗಂಟು ಈ ಪ್ರಶ್ನೆಯಲ್ಲೇ ಇದೆ. ಸಮುದ್ರದಲ್ಲಿ ಕರಗಿರುವ ಕಾರ್ಬನ್ ಸುಮಾರು 38 ಲಕ್ಷ ಕೋಟಿ ಟನ್. ಇವತ್ತಿನ ಗಾಳಿಯಲ್ಲಿ ಇರುವುದರ 40 ಪಟ್ಟಿಗೂ ಜಾಸ್ತಿ. ಅಷ್ಟು ದೊಡ್ಡ ಉಗ್ರಾಣ ಕಾಲು ಭಾಗಕ್ಕೇ ಯಾಕೆ ನಿಲ್ಲುತ್ತದೆ? ಅದಕ್ಕೆ ಎರಡು ಕಾರಣ. ಒಂದು ನೀರಿನ ರಸಾಯನದ್ದು, ಇನ್ನೊಂದು ನೀರಿನ ಓಡಾಟದ್ದು. ಕಾರ್ಬನ್ ತೆಗೆದುಕೊಳ್ಳುವುದು ಒಂದು ಕೆಲಸ, ಅದನ್ನು ಆಳಕ್ಕೆ ಇಳಿಸಿ ಇಟ್ಟುಕೊಳ್ಳುವುದು ಇನ್ನೊಂದು ಕೆಲಸ. ಎರಡರ ವೇಗ ಒಂದೇ ಅಲ್ಲ.

ನೀರು ಗ್ಯಾಸನ್ನು ಹೇಗೆ ಹಿಡಿಯುತ್ತದೆ

ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ ನೀರಿನಲ್ಲಿರುವುದಕ್ಕಿಂತ ಜಾಸ್ತಿ ಇದ್ದರೆ ಗ್ಯಾಸ್ ನೀರಿಗೆ ಇಳಿಯುತ್ತದೆ. ಕಡಿಮೆ ಇದ್ದರೆ ನೀರಿನಿಂದ ಹೊರಗೆ ಬರುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದ ಕೂಡಲೇ ಬುರುಬುರು ಗ್ಯಾಸ್ ಏಳುವುದಕ್ಕೂ ಇದೇ ಕಾರಣ. ತಣ್ಣಗಿನ ಸೋಡಾದಲ್ಲಿ ಗ್ಯಾಸ್ ಹೆಚ್ಚು ಹೊತ್ತು ನಿಲ್ಲುತ್ತದೆ, ಬಿಸಿಲಿಗಿಟ್ಟದ್ದರಲ್ಲಿ ಬೇಗ ಹಾರಿಹೋಗುತ್ತದೆ. ಸಮುದ್ರದಲ್ಲೂ ತಣ್ಣೀರು ಜಾಸ್ತಿ ಗ್ಯಾಸ್ ಹಿಡಿಯುತ್ತದೆ. ಗಾಳಿ ಜೋರಾಗಿ ಬೀಸಿ ಅಲೆ ಎದ್ದಷ್ಟೂ ಈ ಕೊಡುಕೊಳ್ಳುವಿಕೆ ಚುರುಕಾಗುತ್ತದೆ. ಮೇಲ್ಪದರದ ನೀರು ಗಾಳಿಯ ಜೊತೆ ಹೊಂದಿಕೊಳ್ಳಲು ಹೆಚ್ಚುಕಡಿಮೆ ಒಂದು ವರ್ಷ ಸಾಕು.

ಇಷ್ಟೇ ಆಗಿದ್ದರೆ ಸಮುದ್ರದಲ್ಲಿ ಅಷ್ಟೊಂದು ಕಾರ್ಬನ್ ಇರುತ್ತಲೇ ಇರಲಿಲ್ಲ. ಆಮ್ಲಜನಕವೂ ನೀರಿನಲ್ಲಿ ಕರಗುತ್ತದೆ, ಆದರೆ ಅದರ ಬಹುಪಾಲು ಗಾಳಿಯಲ್ಲೇ ಇದೆ. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ, ಅದು ನೀರಿನೊಳಗೆ ಇಳಿದ ಮೇಲೆ ರೂಪ ಬದಲಿಸುತ್ತದೆ. ಇದನ್ನು ಕಣ್ಣಾರೆ ನೋಡಲು ಎಲೆ ಅಡಿಕೆ ಅಂಗಡಿಯ ಸುಣ್ಣ ಸಾಕು.

ಒಂದು ಚಿಟಿಕೆ ಸುಣ್ಣವನ್ನು ನೀರಿನಲ್ಲಿ ಕದಡಿ ಒಂದು ರಾತ್ರಿ ಬಿಡಿ. ಸುಣ್ಣ ತಳಕ್ಕೆ ಕೂತಮೇಲೆ ಮೇಲಿನ ತಿಳಿಯನ್ನು ಅಲುಗಾಡಿಸದೆ ಬೇರೆ ಗ್ಲಾಸಿಗೆ ಬಗ್ಗಿಸಿಕೊಳ್ಳಿ. ಅದಕ್ಕೆ ಮೂರು ನಾಲ್ಕು ಪಟ್ಟು ಶುದ್ಧ ನೀರು ಬೆರೆಸಿ ತೆಳು ಮಾಡಿ. ಇನ್ನೊಂದು ಬಾಟಲಿಗೆ ಅಡುಗೆ ಸೋಡಾ ಮತ್ತು ನಿಂಬೆ ರಸ ಹಾಕಿ, ಏಳುವ ಗ್ಯಾಸನ್ನು ಸಣ್ಣ ಪೈಪಿನಿಂದ ಈ ತಿಳಿಯೊಳಗೆ ಬಿಡಿ. ಮೊದಲು ತಿಳಿ ಹಾಲು ಹಾಲಾಗಿ ಬೆಳ್ಳಗಾಗುತ್ತದೆ. ಸುಣ್ಣ ಮತ್ತು ಗ್ಯಾಸ್ ಸೇರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಯಿತು, ಅಂದರೆ ಲೋಕಾಪುರದ ಕಲ್ಲಿನ ಪುಡಿಯೇ ಹುಟ್ಟಿತು. ಬಹಳ ಶಾಲೆಗಳಲ್ಲಿ ಪ್ರಯೋಗ ಇಲ್ಲಿಗೇ ನಿಲ್ಲುತ್ತದೆ. ನಿಲ್ಲಿಸಬೇಡಿ. ಬಾಟಲಿಗೆ ಮತ್ತೆ ಸೋಡಾ, ನಿಂಬೆ ರಸ ಹಾಕಿ ಗ್ಯಾಸ್ ಬಿಡುತ್ತಲೇ ಇರಿ. ಸ್ವಲ್ಪ ಹೊತ್ತಿಗೆ ಬಿಳುಪು ತೆಳ್ಳಗಾಗುತ್ತಾ ಬಂದು ನೀರು ಮತ್ತೆ ತಿಳಿಯಾಗುತ್ತದೆ. ಹುಟ್ಟಿದ್ದ ಕಲ್ಲಿನ ಪುಡಿ ಕರಗಿಹೋಯಿತು! ಹೆಚ್ಚಿನ ಗ್ಯಾಸ್ ಮತ್ತು ನೀರು ಸೇರಿ ಕಾರ್ಬೋನೇಟನ್ನು ಬೈಕಾರ್ಬೋನೇಟ್ ಮಾಡಿದವು. ಬೈಕಾರ್ಬೋನೇಟ್ ನೀರಿನಲ್ಲಿ ಕರಗುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಪ್ರಯೋಗದ ಈ ಎರಡನೇ ಅರ್ಧವೇ ಸಮುದ್ರದ ಕಥೆ. ಸಮುದ್ರದ ನೀರಿನಲ್ಲಿ ಮೊದಲೇ ಕಾರ್ಬೋನೇಟ್ ಇದೆ. ಗಾಳಿಯಿಂದ ಬಂದ ಕಾರ್ಬನ್ ಡೈಆಕ್ಸೈಡ್ ಆ ಕಾರ್ಬೋನೇಟಿನ ಜೊತೆ ಕೂಡಿ ಬೈಕಾರ್ಬೋನೇಟ್ ಆಗುತ್ತದೆ. ಸಮುದ್ರದಲ್ಲಿ ಕರಗಿರುವ ಪ್ರತಿ 100 ಪಾಲು ಅಜೈವಿಕ ಕಾರ್ಬನ್‌ನಲ್ಲಿ ಸುಮಾರು 90 ಪಾಲು ಬೈಕಾರ್ಬೋನೇಟ್, 9 ಪಾಲು ಕಾರ್ಬೋನೇಟ್. ಗ್ಯಾಸ್ ಆಗಿಯೇ ಉಳಿದಿರುವುದು ಹೆಚ್ಚುಕಡಿಮೆ ಒಂದೇ ಪಾಲು. ಗಾಳಿಯ ಜೊತೆ ಒತ್ತಡದ ಲೆಕ್ಕ ಇರುವುದು ಆ ಒಂದು ಪಾಲಿಗೆ ಮಾತ್ರ. ಮಿಕ್ಕ 99 ಪಾಲು ಗಾಳಿಗೆ ಕಾಣದಂತೆ ನೀರಿನೊಳಗೆ ಇರುತ್ತದೆ. ಸಮುದ್ರ ಅಷ್ಟು ದೊಡ್ಡ ಉಗ್ರಾಣ ಆದದ್ದು ಹೀಗೆ.

ಆದರೆ ಇಲ್ಲೇ ಮಿತಿಯೂ ಇದೆ. ಕಾರ್ಬೋನೇಟ್ 100ರಲ್ಲಿ 9 ಪಾಲು ಮಾತ್ರ. ಬಂದ ಗ್ಯಾಸ್ ಅದನ್ನೇ ತಿನ್ನುತ್ತಾ ಹೋಗುತ್ತದೆ. ಕಾರ್ಬೋನೇಟ್ ಕಡಿಮೆಯಾದಷ್ಟೂ ಹೊಸ ಗ್ಯಾಸ್ ರೂಪ ಬದಲಿಸುವುದು ಕಷ್ಟ, ಅದು ಗ್ಯಾಸ್ ಆಗಿಯೇ ಉಳಿದು ಒತ್ತಡ ಏರಿಸುತ್ತದೆ. ಹಾಗಾಗಿ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 10ರಷ್ಟು ಏರಿದರೆ ಮೇಲ್ಪದರದ ನೀರಿನ ಒಟ್ಟು ಕಾರ್ಬನ್ ಏರುವುದು ಶೇ 1ರಷ್ಟು ಮಾತ್ರ. ಈ ಹತ್ತಕ್ಕೊಂದರ ಲೆಕ್ಕವನ್ನು ರೆವೆಲ್ ಅಂಶ ಎನ್ನುತ್ತಾರೆ. ಉಷ್ಣವಲಯದ ಬೆಚ್ಚಗಿನ ನೀರಿನಲ್ಲಿ ಇದು ಹತ್ತಕ್ಕಿಂತ ಸ್ವಲ್ಪ ಕಡಿಮೆ, ಧ್ರುವದ ಕಡೆಯ ತಣ್ಣೀರಿನಲ್ಲಿ ಜಾಸ್ತಿ.

ರೋಜರ್ ರೆವೆಲ್ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಇದ್ದವರು. ಅವರು ಮತ್ತು ಹಾನ್ಸ್ ಸ್ಯೂಸ್ 1957ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿಯವರೆಗೆ ಬಹಳ ವಿಜ್ಞಾನಿಗಳು ನೆಮ್ಮದಿಯಿಂದ ಇದ್ದರು. ಸಮುದ್ರ ದೊಡ್ಡದು, ನಾವು ಬಿಟ್ಟದ್ದನ್ನೆಲ್ಲ ಅದು ನುಂಗಿಬಿಡುತ್ತದೆ ಎಂಬುದು ಅವರ ನಂಬಿಕೆ. ನಮ್ಮ ಹುಡುಗಿ ಕೇಳಿದ್ದೂ ಅದನ್ನೇ ಅಲ್ವಾ? ನೀರಿನ ರಸಾಯನವೇ ಅದಕ್ಕೆ ಅಡ್ಡ ನಿಲ್ಲುತ್ತದೆ ಎಂಬುದು ಆ ಪ್ರಬಂಧದಿಂದ ಮುಂದಕ್ಕೆ ಬಂತು. ಮರುವರ್ಷ, 1958ರಲ್ಲಿ, ಅದೇ ಸಂಸ್ಥೆಯ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯ ಅಳತೆ ಶುರುಮಾಡಿದರು. ಆಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 315 ಪಾಲು ಇತ್ತು. ಈಗ 420 ದಾಟಿದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಅದು 280ರ ಆಸುಪಾಸು ಇತ್ತು. ಎಲ್ಲವನ್ನೂ ಸಮುದ್ರ ನುಂಗುತ್ತಿದ್ದರೆ ಈ ಅಂಕಿ ಏರಬೇಕಾಗಿರಲಿಲ್ಲ.

ಕಾರ್ಬೋನೇಟ್ ಕಡಿಮೆಯಾಗುವುದರ ಜೊತೆಗೆ ನೀರು ಹುಳಿಯ ಕಡೆ ಜರುಗುತ್ತದೆ. ಹುಳಿ, ಕ್ಷಾರವನ್ನು ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಮೇಲ್ಪದರದ ಪಿಎಚ್ ಸುಮಾರು 8.2 ಇದ್ದದ್ದು ಈಗ ಸುಮಾರು 8.1. ಸಮುದ್ರ ಇನ್ನೂ ಕ್ಷಾರದ ಕಡೆಗೇ ಇದೆ, ನಿಜ. ಆದರೆ 0.1 ಎಂದು ಸುಮ್ನೆ ಬಿಡುವ ಹಾಗಿಲ್ಲ. ಪಿಎಚ್ ಲೆಕ್ಕದಲ್ಲಿ ಒಂದು ಅಂಕಿ ಇಳಿದರೆ ಹತ್ತು ಪಟ್ಟು ವ್ಯತ್ಯಾಸ. ಈ ಇಳಿತದಿಂದ ಹುಳಿ ಉಂಟುಮಾಡುವ ಹೈಡ್ರೋಜನ್ ಅಯಾನುಗಳು ಕಾಲು ಭಾಗಕ್ಕೂ ಜಾಸ್ತಿ ಏರಿವೆ. ಹವಳ, ಸಿಂಪಿ, ತೇಲುವ ಸಣ್ಣ ಬಸವನಹುಳುಗಳು ತಮ್ಮ ಚಿಪ್ಪನ್ನು ಕಟ್ಟುವುದು ಕ್ಯಾಲ್ಸಿಯಂ ಕಾರ್ಬೋನೇಟಿನಿಂದ. ನೀರಿನಲ್ಲಿ ಕಾರ್ಬೋನೇಟ್ ಕಡಿಮೆಯಾದರೆ ಅವಕ್ಕೆ ಮನೆ ಕಟ್ಟಲು ಸಾಮಾನು ಸಿಗುವುದು ಕಷ್ಟವಾಗುತ್ತದೆ. ನಮಗೆ ಸಮುದ್ರ ಮಾಡುತ್ತಿರುವ ಉಪಕಾರದ ಬೆಲೆಯನ್ನು ಅವು ಕೊಡುತ್ತಿವೆ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೇಲಿಂದ ಆಳಕ್ಕೆ

ಎರಡನೇ ಕಾರಣಕ್ಕೆ ಬರೋಣ. ಸಮುದ್ರದ ಸರಾಸರಿ ಆಳ ಸುಮಾರು 3,700 ಮೀಟರ್. ಗಾಳಿ ಮುಟ್ಟುವುದು ಮೇಲಿನ ಪದರವನ್ನು ಮಾತ್ರ. ಗಾಳಿ, ಅಲೆಯಿಂದ ಚೆನ್ನಾಗಿ ಕಲಸಿಕೊಳ್ಳುವ ಆ ಪದರ ಬಹಳ ಕಡೆ ನೂರು ಮೀಟರಿನಷ್ಟೂ ಇರುವುದಿಲ್ಲ. ಅದರ ಕೆಳಗೆ ತಣ್ಣಗಿನ, ಭಾರವಾದ ನೀರು. ಮೇಲೆ ಬಿಸಿಲಿಗೆ ಬೆಚ್ಚಗಾದ, ಹಗುರವಾದ ನೀರು. ಇವೆರಡೂ ಸುಲಭಕ್ಕೆ ಬೆರೆಯುವುದಿಲ್ಲ. ಅಂದರೆ ಕಾರ್ಬನ್ ಒಂದು ವರ್ಷದಲ್ಲಿ ಮೇಲ್ಪದರಕ್ಕೆ ಇಳಿದುಬಿಟ್ಟರೂ ಅಲ್ಲಿಂದ ಕೆಳಗೆ ಹೋಗಲು ದಾರಿ ಕಿರಿದು.

ಈ ಮುಚ್ಚಳ ತೆರೆಯುವುದು ಕೆಲವೇ ಕಡೆ. ಗ್ರೀನ್‌ಲ್ಯಾಂಡ್ ಸುತ್ತಲಿನ ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿಗಾಲದ ಕೊರೆಯುವ ಗಾಳಿಗೆ ನೀರು ತಣ್ಣಗಾಗಿ, ಉಪ್ಪಿನ ಭಾರವೂ ಸೇರಿ, ಆಳಕ್ಕೆ ಮುಳುಗುತ್ತದೆ. ಅಂಟಾರ್ಕ್ಟಿಕಾ ಸುತ್ತಲೂ ಹಾಗೆಯೇ. ಮುಳುಗುವ ನೀರು ತನ್ನ ಜೊತೆ ಕಾರ್ಬನ್ ಹೊತ್ತೊಯ್ಯುತ್ತದೆ. ದಕ್ಷಿಣ ಮಹಾಸಾಗರದಲ್ಲಿ ಇನ್ನೊಂದು ಅನುಕೂಲ ಇದೆ. ನೂರಾರು ವರ್ಷ ಗಾಳಿಯನ್ನೇ ಕಾಣದ ಹಳೆಯ ನೀರು ಅಲ್ಲಿ ಆಳದಿಂದ ಮೇಲೆದ್ದು ಬರುತ್ತದೆ. ಕಾರ್ಖಾನೆಗಳ ಕಾಲದ ಹೊಗೆ ಆ ನೀರಿಗೆ ಇನ್ನೂ ತಾಗಿರುವುದಿಲ್ಲ, ಹಾಗಾಗಿ ನಮ್ಮ ಗ್ಯಾಸನ್ನು ಹಿಡಿಯಲು ಅದಕ್ಕೆ ಜಾಗ ಇರುತ್ತದೆ. ಹಿಡಿದುಕೊಂಡು ಉತ್ತರಕ್ಕೆ ಸರಿದು ಮತ್ತೆ ಕೆಳಗಿಳಿಯುತ್ತದೆ. ಸಮುದ್ರಗಳು ನುಂಗುವ ಮನುಷ್ಯರ ಕಾರ್ಬನ್‌ನಲ್ಲಿ ಸುಮಾರು ಶೇ 40ರಷ್ಟು ಒಳಗೆ ಹೋಗುವುದು ಈ ದಕ್ಷಿಣದ ಬಾಗಿಲಿನಿಂದಲೇ.

ಹೀಗೆ ಮುಳುಗಿದ ನೀರು ತಳದಲ್ಲಿ ನಿಧಾನಕ್ಕೆ ಹರಿದು, ಜಗತ್ತನ್ನು ಸುತ್ತಿ, ಮತ್ತೆ ಮೇಲೆ ಬರಲು ಹೆಚ್ಚುಕಡಿಮೆ ಸಾವಿರ ವರ್ಷ ಬೇಕು. ನಾವು ಜೋರಾಗಿ ಕಲ್ಲಿದ್ದಲು ಸುಡಲು ಶುರುಮಾಡಿ ಇನ್ನೂರು ಚಿಲ್ಲರೆ ವರ್ಷ ಆಗಿದೆ. ಆಳದ ಬಹುಪಾಲು ನೀರಿಗೆ ನಮ್ಮ ಕಾರ್ಬನ್ ಇನ್ನೂ ತಲುಪಿಯೇ ಇಲ್ಲ.

ಇದು ಬರೀ ಊಹೆಯಲ್ಲ, ಹಡಗಿನಲ್ಲಿ ಹೋಗಿ ಅಳೆದದ್ದು. 1990ರ ದಶಕದಲ್ಲಿ ಹಲವು ದೇಶಗಳ ಹಡಗುಗಳು ಒಂಬತ್ತು ಸಾವಿರಕ್ಕೂ ಜಾಸ್ತಿ ಜಾಗಗಳಲ್ಲಿ ಬೇರೆ ಬೇರೆ ಆಳದ ನೀರು ಎತ್ತಿ ಪರೀಕ್ಷೆ ಮಾಡಿದವು. ಆದರೆ ನೀರಿನಲ್ಲಿ ಮೊದಲೇ ಇರುವ ಬೆಟ್ಟದಷ್ಟು ಕಾರ್ಬನ್ ಮಧ್ಯೆ ನಮ್ಮದು ಯಾವುದು ಎಂದು ಗುರುತಿಸುವುದು ಹೇಗೆ? ಇದಕ್ಕೆ ಒಂದು ಜಾಣ ದಾರಿ ಇದೆ. ಫ್ರಿಜ್ಜಿಗೆ ಹಾಕುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಗ್ಯಾಸ್ 1930ರ ದಶಕಕ್ಕೆ ಮುಂಚೆ ಬಳಕೆಯಲ್ಲೇ ಇರಲಿಲ್ಲ. ಯಾವ ನೀರಿನಲ್ಲಿ ಅದರ ಸುಳಿವಿದೆಯೋ ಆ ನೀರು ಅದಾದ ಮೇಲೆ ಒಮ್ಮೆಯಾದರೂ ಗಾಳಿ ಮುಟ್ಟಿದೆ ಎಂದರ್ಥ. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಸೇರಿಸಿದ ಕಾರ್ಬನ್-14 (ವಿಕಿರಣ ಸೂಸುವ ಕಾರ್ಬನ್) ಕೂಡ ಇದೇ ತರಹದ ತಾರೀಖಿನ ಚೀಟಿಯಾಯಿತು. ನೀರು ಯಾವ ಕಾಲದ್ದು ಎಂದು ಗೊತ್ತಾದರೆ, ಅದರಲ್ಲಿರುವ ಆಮ್ಲಜನಕ, ಪೋಷಕಾಂಶಗಳ ಲೆಕ್ಕ ಹಿಡಿದು ಸಹಜವಾಗಿ ಇರಬೇಕಾದ ಕಾರ್ಬನ್ ಎಷ್ಟು, ಹೆಚ್ಚುವರಿ ಎಷ್ಟು ಎಂದು ಬಿಡಿಸಬಹುದು.

ಆ ಲೆಕ್ಕ 2004ರಲ್ಲಿ ಪ್ರಕಟವಾಯಿತು. 1994ರ ಹೊತ್ತಿಗೆ ಸಮುದ್ರದೊಳಗೆ ಸುಮಾರು 11,800 ಕೋಟಿ ಟನ್ ಮನುಷ್ಯರ ಕಾರ್ಬನ್ ಇತ್ತು. ಮುಂದಿನ 13 ವರ್ಷದಲ್ಲಿ, 2007ರವರೆಗೆ, ಇನ್ನೂ 3,400 ಕೋಟಿ ಟನ್ ಸೇರಿತು. (ಇವು ಬರೀ ಕಾರ್ಬನ್‌ನ ತೂಕ. 12 ಕಿಲೋ ಕಾರ್ಬನ್ ಎಂದರೆ 44 ಕಿಲೋ ಕಾರ್ಬನ್ ಡೈಆಕ್ಸೈಡ್. ಸುದ್ದಿ ಓದುವಾಗ ಈ ಎರಡನ್ನೂ ಬೆರೆಸಿಕೊಂಡು ಗೊಂದಲ ಮಾಡಿಕೊಳ್ಳುವವರು ಬಹಳ.) ನನಗೆ ಹೆಚ್ಚು ಮುಖ್ಯ ಅನಿಸುವುದು ಅದು ಎಲ್ಲಿ ಇತ್ತು ಎಂಬುದು. 1994ರ ಲೆಕ್ಕದ ಪ್ರಕಾರ ಹತ್ತಿರ ಹತ್ತಿರ ಅರ್ಧದಷ್ಟು ಕಾರ್ಬನ್ ಮೇಲಿನ 400 ಮೀಟರಿನೊಳಗೇ ಇತ್ತು. 3,700 ಮೀಟರ್ ಆಳದ ಉಗ್ರಾಣದಲ್ಲಿ ಅರ್ಧ ಸರಕು ಇನ್ನೂ ಬಾಗಿಲ ಹತ್ತಿರವೇ ಬಿದ್ದಿತ್ತು. ಉತ್ತರ ಅಟ್ಲಾಂಟಿಕ್‌ನ ವಿಸ್ತೀರ್ಣ ಒಟ್ಟು ಸಮುದ್ರದ ಶೇ 15ರಷ್ಟು, ಆದರೆ ಶೇ 23ರಷ್ಟು ಸರಕು ಅಲ್ಲೇ. ಮುಚ್ಚಳ ತೆರೆಯುವ ಜಾಗ ಅದೇ ತಾನೇ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಸಮುದ್ರದ ಪಾಚಿ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲಾಂಕ್ಟನ್‌ಗಳೇ ನಮ್ಮ ಕಾರ್ಬನ್ ತಿನ್ನುತ್ತಿವೆ ಎಂದು ಬಹಳ ಕಡೆ ಬರೆಯುತ್ತಾರೆ. ಪ್ಲಾಂಕ್ಟನ್ ದೊಡ್ಡ ಕೆಲಸವನ್ನೇ ಮಾಡುತ್ತವೆ. ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಕಾರ್ಬನ್ ಹಿಡಿಯುತ್ತವೆ. ಅದರಲ್ಲಿ ಒಂದು ಪಾಲು ಸತ್ತ ಜೀವಿ, ಹಿಕ್ಕೆಯ ರೂಪದಲ್ಲಿ ಆಳಕ್ಕೆ ಬೀಳುತ್ತದೆ. ಆಳದ ನೀರಿನಲ್ಲಿ ಕಾರ್ಬನ್ ಜಾಸ್ತಿ ಇರುವುದಕ್ಕೆ ಇದು ದೊಡ್ಡ ಕಾರಣ. ಆದರೆ ಈ ಕೆಲಸ ಲಕ್ಷಾಂತರ ವರ್ಷಗಳಿಂದ ನಡೆಯುತ್ತಲೇ ಬಂದಿದೆ. ಗಾಳಿಯಲ್ಲಿ ಗ್ಯಾಸ್ ಏರಿತೆಂದು ಪ್ಲಾಂಕ್ಟನ್ ಅಷ್ಟೇ ಜಾಸ್ತಿ ಬೆಳೆಯುವುದಿಲ್ಲ. ಅವುಗಳಿಗೆ ಕೊರತೆ ಇರುವುದು ನೈಟ್ರೇಟ್, ಫಾಸ್ಫೇಟ್, ಕಬ್ಬಿಣದ್ದು. ನೀರಿಲ್ಲದ ಹೊಲಕ್ಕೆ ಎಷ್ಟು ಗೊಬ್ಬರ ಹಾಕಿದರೂ ಬೆಳೆ ಏಳದು ಎಂದು ನಮ್ಮ ರೈತರಿಗೆ ಬೇರೆ ಹೇಳಬೇಕಿಲ್ಲ. ನಾವು ಹೊಸದಾಗಿ ಸೇರಿಸಿದ ಕಾರ್ಬನ್ ಸಮುದ್ರಕ್ಕೆ ಹೋಗುತ್ತಿರುವುದು ಮುಖ್ಯವಾಗಿ ನೀರಿನ ರಸಾಯನ ಮತ್ತು ನೀರಿನ ಓಡಾಟದಿಂದ.

ನಮ್ಮ ಹತ್ತಿರದ ಸಮುದ್ರ

ಬೆಳಗಾವಿಯಿಂದ ಘಟ್ಟ ಇಳಿದರೆ ಅರಬ್ಬೀ ಸಮುದ್ರ. ಅದು ಇನ್ನೂ ವಿಚಿತ್ರ. ಅದು ಒಟ್ಟಾರೆ ಕಾರ್ಬನ್ ಡೈಆಕ್ಸೈಡ್ ನುಂಗುವುದಿಲ್ಲ, ಬಿಡುತ್ತದೆ. ಖಾನಾಪುರಕ್ಕೆ ಬಿಡದೆ ಮಳೆ ಸುರಿಸುವ ಮುಂಗಾರು ಗಾಳಿ, ಬರುವ ದಾರಿಯಲ್ಲಿ ಸೊಮಾಲಿಯಾ, ಒಮಾನ್ ಕರಾವಳಿಯ ಮೇಲ್ಪದರದ ನೀರನ್ನು ದೂರ ತಳ್ಳುತ್ತದೆ. ಆ ಜಾಗ ತುಂಬಲು ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಪ್ಲಾಂಕ್ಟನ್ ಸತ್ತು ಕೊಳೆತದ್ದರಿಂದ ಕೂಡಿಟ್ಟ ಕಾರ್ಬನ್ ಆ ನೀರಿನಲ್ಲಿ ತುಂಬಿರುತ್ತದೆ. ಮೇಲೆ ಬಂದ ಕೂಡಲೇ ಅದು ಗಾಳಿಗೆ ಹಾರುತ್ತದೆ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದ ಅಂತರರಾಷ್ಟ್ರೀಯ ಅಧ್ಯಯನದ ಭಾಗವಾಗಿ ಈ ಸಮುದ್ರವನ್ನು ಬೇರೆ ಬೇರೆ ಋತುಗಳಲ್ಲಿ ಅಳೆದವರು.

ಹಾಗಾದರೆ ಅರಬ್ಬೀ ಸಮುದ್ರ ನಮಗೇನೂ ಉಪಕಾರ ಮಾಡುತ್ತಿಲ್ಲವೇ? ಮಾಡುತ್ತಿದೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 280 ಇದ್ದಾಗ ಅದು ಎಷ್ಟು ಬಿಡಬಹುದಿತ್ತೋ ಈಗ 420 ಇರುವಾಗ ಅದಕ್ಕಿಂತ ಕಡಿಮೆ ಬಿಡುತ್ತದೆ, ಯಾಕೆಂದರೆ ಹೊರಗಿನ ಒತ್ತಡ ಏರಿದೆ. ಬಿಡದೆ ಉಳಿಸಿಕೊಂಡದ್ದೂ ನುಂಗಿದ ಲೆಕ್ಕಕ್ಕೇ ಸೇರುತ್ತದೆ. ಸಮುದ್ರ ಎಲ್ಲ ಕಡೆ ಒಂದೇ ಸಮ ಕಾರ್ಬನ್ ಹೀರುತ್ತಿದೆ ಎಂದುಕೊಂಡರೆ ಇದು ಅರ್ಥವಾಗುವುದಿಲ್ಲ. ಒಂದು ಕಡೆ ತೆಗೆದುಕೊಳ್ಳುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಕೂಡಿಸಿ ಕಳೆದಾಗ ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಸಮುದ್ರದ ಪಾಲಿಗೆ ಉಳಿಯುತ್ತದೆ.

ಕೊನೆಗೆ ಏನಾಗುತ್ತದೆ

ನಾಳೆಯೇ ಎಲ್ಲ ಭಟ್ಟಿ, ಎಲ್ಲ ಚಿಮಣಿ ಆರಿದವು ಎಂದುಕೊಳ್ಳಿ. ಆಗ ಏನು? ಸಮುದ್ರ ತನ್ನ ಕೆಲಸ ಮುಂದುವರಿಸುತ್ತದೆ. ಇನ್ನೂರು ವರ್ಷದಿಂದ ಎರಡು ಸಾವಿರ ವರ್ಷದ ಅವಧಿಯಲ್ಲಿ, ಆಳದ ನೀರು ಒಂದು ಸುತ್ತು ಬರುವ ಹೊತ್ತಿಗೆ, ನಾವು ಬಿಟ್ಟದ್ದರಲ್ಲಿ ಶೇ 65ರಿಂದ 80ರಷ್ಟನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ 44 ಕಿಲೋದಲ್ಲಿ ಸುಮಾರು 29ರಿಂದ 35 ಕಿಲೋ. ಅಂದರೆ ಆ ಹುಡುಗಿ ಹೇಳಿದ್ದು ಬಹುಮಟ್ಟಿಗೆ ಸರಿ, ಕಾಯಬೇಕು ಅಷ್ಟೇ. ಆದರೆ ಆಗಲೂ 9ರಿಂದ 15 ಕಿಲೋ ಗಾಳಿಯಲ್ಲೇ ಇರುತ್ತದೆ. ನೀರಿನಲ್ಲಿ ಕಾರ್ಬೋನೇಟ್ ಖರ್ಚಾಗಿರುತ್ತದೆ, ಇನ್ನು ಹಿಡಿಯಲು ಆಗುವುದಿಲ್ಲ.

ಇಲ್ಲಿ ಮತ್ತೆ ಸುಣ್ಣದ ಕಲ್ಲು ಬರುತ್ತದೆ. ಸಮುದ್ರದ ತಳದ ದೊಡ್ಡ ಭಾಗ ಸಣ್ಣ ಸಣ್ಣ ಜೀವಿಗಳ ಬಿಳಿ ಚಿಪ್ಪಿನಿಂದ ಮುಚ್ಚಿದೆ. ಅದೂ ಕ್ಯಾಲ್ಸಿಯಂ ಕಾರ್ಬೋನೇಟೇ. ನಾಲ್ಕೂವರೆ ಸಾವಿರ ಮೀಟರಿಗಿಂತ ಆಳದಲ್ಲಿ ಇದು ಉಳಿಯುವುದೇ ಕಷ್ಟ, ಕರಗಿಹೋಗುತ್ತದೆ. ನಮ್ಮ ಕಾರ್ಬನ್ ಹೊತ್ತ ನೀರು ತಳ ಮುಟ್ಟಿದಾಗ ಈ ಗೆರೆ ಮೇಲೆ ಸರಿಯುತ್ತದೆ. ಅಲ್ಲಿಯವರೆಗೆ ಭದ್ರವಾಗಿದ್ದ ಬಿಳಿ ತಳವೂ ಕರಗಲು ಶುರುವಾಗುತ್ತದೆ. ಗ್ಲಾಸಿನಲ್ಲಿ ಬಿಳುಪು ಮಾಯವಾಗಿ ನೀರು ತಿಳಿಯಾದದ್ದು ಇದೇ ಕ್ರಿಯೆ. ಕರಗಿದ ಸುಣ್ಣ ನೀರಿಗೆ ಮತ್ತೆ ಶಕ್ತಿ ಕೊಡುತ್ತದೆ, ಗಾಳಿಯಿಂದ ಇನ್ನಷ್ಟು ಗ್ಯಾಸ್ ಇಳಿಯುತ್ತದೆ. ಇದಕ್ಕೆ ಮೂರರಿಂದ ಏಳು ಸಾವಿರ ವರ್ಷ ಬೇಕು. ಇದರ ತೂಕದ ಲೆಕ್ಕ ನೋಡಿದರೆ ಮೈ ಜುಮ್ ಎನ್ನುತ್ತದೆ. 44 ಕಿಲೋ ಕಾರ್ಬನ್ ಡೈಆಕ್ಸೈಡನ್ನು ಪೂರ್ತಿ ಬೈಕಾರ್ಬೋನೇಟ್ ಮಾಡಿ ತಣ್ಣಗಾಗಿಸಲು 100 ಕಿಲೋ ಸುಣ್ಣದ ಕಲ್ಲು ಕರಗಬೇಕು. ಲೋಕಾಪುರದಲ್ಲಿ ಸುಟ್ಟ ಪ್ರತಿ 100 ಕಿಲೋಗೆ ಇನ್ನೊಂದು 100 ಕಿಲೋ.

ಅದಾದ ಮೇಲೂ ಉಳಿದ ಸ್ವಲ್ಪ ಪಾಲನ್ನು ತೆಗೆಯುವುದು ಭೂಮಿಯ ಮೇಲಿನ ಕಲ್ಲುಗಳು. ಕೃಷ್ಣೆ ಮಹಾಬಳೇಶ್ವರದಿಂದ ಇಳಿದು ಅಥಣಿ, ಜಮಖಂಡಿ ದಾಟಿ ಆಲಮಟ್ಟಿಗೆ ಬರುವವರೆಗೆ ಬಹುತೇಕ ದಖ್ಖನ್ನಿನ ಕರಿಕಲ್ಲಿನ ನೆಲದ ನೀರನ್ನೇ ಕೂಡಿಸಿಕೊಂಡು ಬರುತ್ತಾಳೆ. ಮಳೆನೀರು ಗಾಳಿ ಮತ್ತು ಮಣ್ಣಿನ ಕಾರ್ಬನ್ ಡೈಆಕ್ಸೈಡ್ ಸೇರಿಸಿಕೊಂಡು ತೆಳುವಾಗಿ ಹುಳಿಯಾಗಿ, ಈ ಕಲ್ಲನ್ನು ನಿಧಾನಕ್ಕೆ ಸವೆಸುತ್ತದೆ. ಆಗ ಆ ಗ್ಯಾಸ್ ಬೈಕಾರ್ಬೋನೇಟ್ ಆಗಿ ನದಿ ಸೇರುತ್ತದೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ವಿಜಯಪುರದ ಕಡೆ ಬೋರ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಚಕ್ಕೆ ಕಟ್ಟುತ್ತದಲ್ಲ, ಅದು ಬಂದದ್ದು ಇದೇ ಬೈಕಾರ್ಬೋನೇಟಿನಿಂದ. ಕಾವಿಗೆ ಅರ್ಧ ಗ್ಯಾಸ್ ಬಿಟ್ಟುಕೊಟ್ಟು ಮತ್ತೆ ಸುಣ್ಣವಾಗಿ ಕೂತಿರುತ್ತದೆ. ಕರಿಕಲ್ಲಿನ ಈ ಕೆಲಸ ಮುಗಿಯಲು ಲಕ್ಷಾಂತರ ವರ್ಷ ಬೇಕು.

ಇಷ್ಟು ಕಾಯುವಾಗ ಸಮುದ್ರವೂ ಹಾಗೇ ಇರುವುದಿಲ್ಲ. ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಕೂಡಿಕೊಂಡ ಹೆಚ್ಚುವರಿ ಕಾವಿನಲ್ಲಿ ಶೇ 90ರಷ್ಟು ಸಮುದ್ರಕ್ಕೇ ಹೋಗಿದೆ. ಬೆಚ್ಚಗಾದ ನೀರು ಕಡಿಮೆ ಗ್ಯಾಸ್ ಹಿಡಿಯುತ್ತದೆ, ಮೇಲಿನ ಹಗುರ ಪದರ ಇನ್ನೂ ಗಟ್ಟಿ ಮುಚ್ಚಳವಾಗುತ್ತದೆ. ಇನ್ನೊಂದು ಸಂಗತಿ ಕಡಿಮೆ ಜನರಿಗೆ ಗೊತ್ತು. ಮುಂದೊಂದು ದಿನ ನಾವು ಯಂತ್ರ ಹಚ್ಚಿ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ತೆಗೆದೆವು ಎಂದುಕೊಳ್ಳಿ. ಗಾಳಿಯ ಒತ್ತಡ ಇಳಿದ ಕೂಡಲೇ ಬಾಗಿಲ ಹತ್ತಿರ ಬಿದ್ದಿರುವ ಕಾರ್ಬನ್ ಸಮುದ್ರದಿಂದ ವಾಪಸ್ ಬರಲು ಶುರುವಾಗುತ್ತದೆ. ಒಂದು ಟನ್ ಇಳಿಸಬೇಕೆಂದರೆ ಒಂದು ಟನ್‌ಗಿಂತ ಜಾಸ್ತಿ ತೆಗೆಯಬೇಕಾಗುತ್ತದೆ.

ತಳದ ಸುಣ್ಣ ಕರಗುವವರೆಗೆ ಕಾಯುವ ಬದಲು ನಾವೇ ಸಮುದ್ರಕ್ಕೆ ಸುಣ್ಣ ಹಾಕಿದರೆ ಹೇಗೆ ಎಂದು ಈಗ ಹಲವು ಕಡೆ ಸಂಶೋಧನೆ ನಡೆದಿದೆ. ರಸಾಯನ ಸರಿಯಾಗಿಯೇ ಇದೆ. 100 ಕಿಲೋ ಕಲ್ಲಿನಿಂದ ಬಂದ 56 ಕಿಲೋ ಸುಟ್ಟ ಸುಣ್ಣ ಸಮುದ್ರ ಸೇರಿದರೆ ಗಾಳಿಯಿಂದ 70ರಿಂದ 75 ಕಿಲೋ ಕಾರ್ಬನ್ ಡೈಆಕ್ಸೈಡ್ ಎಳೆಯಬಲ್ಲದು. ಆದರೆ ಆ ಸುಣ್ಣ ಸುಡುವಾಗಲೇ 44 ಕಿಲೋ ಹೊರಗೆ ಹೋಗಿರುತ್ತದೆ. ಭಟ್ಟಿಯ ಬಾಯಲ್ಲೇ ಅದನ್ನು ಹಿಡಿಯದಿದ್ದರೆ ಕೈಗೆ ಉಳಿಯುವುದು ಸುಮಾರು 30 ಕಿಲೋ, ಅದರಲ್ಲೂ ಉರಿಸಿದ ಕಲ್ಲಿದ್ದಲಿನ ಹೊಗೆ ಕಳೆಯಬೇಕು. ಗ್ಯಾಸನ್ನು ಪೂರ್ತಿ ಹಿಡಿದೆವು ಎಂದೇ ಇಟ್ಟುಕೊಂಡರೂ, ಸಮುದ್ರ ಈಗ ತಾನಾಗಿ ನುಂಗುತ್ತಿರುವ ವರ್ಷದ 1,000 ಕೋಟಿ ಟನ್‌ನಷ್ಟೇ ಕೆಲಸ ಸುಣ್ಣದಿಂದ ಮಾಡಿಸಲು ವರ್ಷಕ್ಕೆ 1,300 ಕೋಟಿ ಟನ್‌ಗೂ ಜಾಸ್ತಿ ಕಲ್ಲು ಅಗೆಯಬೇಕು. ಇವತ್ತು ಇಡೀ ಜಗತ್ತು ಒಂದು ವರ್ಷದಲ್ಲಿ ಮಾಡುವ ಸಿಮೆಂಟ್ ಸುಮಾರು 400 ಕೋಟಿ ಟನ್.